ಅವ್ವನ ಸೋಮವಾರದ ಉಪವಾಸ, ಶುಗರ್ ಗುಳಿಗೆ ಮತ್ತು ಬೆಲ್ಲದ ಡಬ್ಬಿ

ಪ್ರಶ್ನೆ: ನಮ್ಮ ಅವ್ವನಿಗೆ 68 ವರ್ಷ. ಸೇಡಂ ತಾಲೂಕಿನ ಹಳ್ಳಿಯಲ್ಲಿ ಅಣ್ಣ-ಅತ್ತಿಗೆ ಜೊತೆ ಇದ್ದಾಳೆ. ಅವರು ಹೊಲಕ್ಕೆ ಹೋದರೆ ಹಗಲೆಲ್ಲ ಒಬ್ಬಳೇ. ನಾನು ಕಲಬುರಗಿಯಲ್ಲಿದ್ದೇನೆ. ಎರಡು ತಿಂಗಳ ಹಿಂದೆ ಕಣ್ಣು ಮಂಜಾಗುತ್ತಿದೆ ಅಂತ ತೋರಿಸಲು ಹೋದಾಗ ಶುಗರ್ ಇರುವುದು ಗೊತ್ತಾಯಿತು. ಖಾಲಿ ಹೊಟ್ಟೆಯಲ್ಲಿ 186, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 8.8. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಎರಡೂ ಇರುವ ಗುಳಿಗೆ ಕೊಟ್ಟಿದ್ದಾರೆ. ಆದರೆ ಅವ್ವ ಡಬ್ಬಿಯಲ್ಲಿ ಬೆಲ್ಲ ಬಚ್ಚಿಟ್ಟುಕೊಂಡು ತಿನ್ನುತ್ತಾಳೆ. ಬೈದರೆ ಎರಡು ದಿನ ಮಾತು ಬಿಡುತ್ತಾಳೆ. ಸೋಮವಾರ ಉಪವಾಸ ಬೇರೆ. ಹೋದ ಸೋಮವಾರ ಮಧ್ಯಾಹ್ನ ಮೈಯೆಲ್ಲ ಬೆವರಿ, ಕೈ ನಡುಗಿ ಕಟ್ಟೆ ಮೇಲೆ ಕುಳಿತುಬಿಟ್ಟಳಂತೆ. ಬಿಸಿಲಿಗೆ ಹಾಗಾಯಿತು ಅಂದಳು. ಈ ಬೆಲ್ಲ ಬಿಡಿಸುವುದು ಹೇಗೆ?

ಉತ್ತರ: ನೀವು ಕೇಳಿದ್ದು ಬೆಲ್ಲದ ಬಗ್ಗೆ. ಆದರೆ ನನಗೆ ಹೆದರಿಕೆಯಾಗಿದ್ದು ಆ ಸೋಮವಾರದ ಮಾತು ಓದಿ. ಅದು ಬರೀ ಬಿಸಿಲಿನಿಂದ ಆಗಿದ್ದಲ್ಲ ಅನ್ನಿಸುತ್ತದೆ. ಅವರ ಶುಗರ್ ತೀರಾ ಕೆಳಗೆ ಇಳಿದಿತ್ತು ಅಂತ ನನ್ನ ಅನುಮಾನ.

ಮೆಟ್‌ಫಾರ್ಮಿನ್ ಒಂದೇ ತೆಗೆದುಕೊಂಡರೆ ಶುಗರ್ ಹಾಗೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ದೇಹದಿಂದ ಜಾಸ್ತಿ ಇನ್ಸುಲಿನ್ ಹೊರಡಿಸುತ್ತದೆ. ಉಂಡಿದ್ದೀರೋ ಇಲ್ಲವೋ ಅಂತ ಅದು ನೋಡುವುದಿಲ್ಲ. ಬೆಳಿಗ್ಗೆ ಗುಳಿಗೆ ನುಂಗಿ, ಸಂಜೆ ಪೂಜೆ ಮುಗಿಯುವ ತನಕ ಹೊಟ್ಟೆಗೆ ಏನೂ ಹಾಕದಿದ್ದರೆ ಮಧ್ಯಾಹ್ನದ ಹೊತ್ತಿಗೆ ಶುಗರ್ 70ಕ್ಕಿಂತ ಕೆಳಗೆ ಹೋಗಬಹುದು. ಆಗ ಬೆವರು, ನಡುಕ, ಎದೆ ಬಡಿತ ಶುರುವಾಗುತ್ತದೆ. ಇನ್ನೂ ಇಳಿದರೆ ಮಾತು ತೊದಲುತ್ತದೆ, ಎಚ್ಚರ ತಪ್ಪುತ್ತದೆ. ಹೀಗೆ ತಲೆ ಸುತ್ತಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಬಂದ ಅಜ್ಜಿಯರನ್ನು ನೋಡಿದ್ದೇನೆ. ಬೆಲ್ಲದ ತುಂಡು ಕೆಡುಕು ಮಾಡಲು ವರ್ಷಗಳು ಬೇಕು. ಇದಕ್ಕೆ ಒಂದು ಮಧ್ಯಾಹ್ನ ಸಾಕು.

ಮತ್ತೆ ಹಾಗಾದರೆ ಏನು ಮಾಡಬೇಕು ಅಂತ ಅವ್ವನವರಿಗೂ, ಪಕ್ಕದ ಮನೆಯವರಿಗೂ ಇವತ್ತೇ ಹೇಳಿಕೊಡಿ. ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಲ್ಲಿ ಕರಗಿಸಿ ಕುಡಿಸಬೇಕು. ಸಕ್ಕರೆ ಕೈಗೆ ಸಿಗದಿದ್ದರೆ ಅದೇ ಡಬ್ಬಿಯ ಬೆಲ್ಲ ಕರಗಿಸಿ ಕೊಡಿ, ಆ ಹೊತ್ತಿಗೆ ಅದೇ ಔಷಧಿ. ಹದಿನೈದು ನಿಮಿಷ ಕಾಯಿರಿ. ಕಡಿಮೆಯಾಗದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಸುಧಾರಿಸಿದ ಮೇಲೆ ಒಂದು ರೊಟ್ಟಿಯಾದರೂ ತಿನ್ನಿಸಿ. ಪೇಡೆ, ಉಂಡಿ ಕೊಡಬೇಡಿ, ತುಪ್ಪ-ಹಾಲಿನ ಸಿಹಿ ರಕ್ತಕ್ಕೆ ಸೇರುವುದು ನಿಧಾನ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು. ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಇನ್ನು ಉಪವಾಸ. ಬಿಡಿ ಅಂದರೆ ಅವರು ಬಿಡುವುದಿಲ್ಲ, ನನಗೆ ಗೊತ್ತು. ನಲವತ್ತು ವರ್ಷದ ವ್ರತವನ್ನು ಗುಳಿಗೆ ಬಂತು ಅಂತ ಯಾರು ಬಿಡ್ತಾರೆ? ಅದಕ್ಕೇ ಡಾಕ್ಟರ ಮುಂದೆ ಆ ಮಾತು ಮುಚ್ಚಿಡಬೇಡಿ. ವಾರಕ್ಕೊಮ್ಮೆ ಉಪವಾಸ ಇರುತ್ತಾರೆ, ಹಗಲು ಒಬ್ಬರೇ ಇರುತ್ತಾರೆ, ಹೋದ ವಾರ ಹೀಗಾಯಿತು ಅಂತ ಮೂರೂ ಹೇಳಿ. ಅವರು ಗುಳಿಗೆ ಬದಲಿಸಬಹುದು, ಇಲ್ಲವೇ ಪ್ರಮಾಣ ಇಳಿಸಬಹುದು. ಅಲ್ಲಿಯವರೆಗೆ ಪೂರ್ತಿ ಉಪವಾಸ ಬೇಡ. ಇನ್ನೊಂದು ಮಾತು, ಉಪವಾಸಕ್ಕೆ ಅಂತ ಮಾಡುವ ಸಾಬೂದಾನ ಹೆಚ್ಚು ಕಡಿಮೆ ಬರೀ ಪಿಷ್ಟ. ದಿನವೆಲ್ಲ ಖಾಲಿ ಇದ್ದು ಸಂಜೆ ಒಂದು ತಟ್ಟೆ ಸಾಬೂದಾನ ತಿಂದರೆ ಶುಗರ್ ಕೆಳಗಿನಿಂದ ಒಮ್ಮೆಲೇ ಮೇಲಕ್ಕೆ ಹಾರುತ್ತದೆ. ಹುರಿದ ಶೇಂಗಾ, ಮಜ್ಜಿಗೆ, ಒಂದು ಪೇರಲ ಹಣ್ಣು ವಾಸಿ.

ಈಗ ಬೆಲ್ಲಕ್ಕೆ ಬರೋಣ. ಬೆಲ್ಲ ದೇಸಿ, ಸಕ್ಕರೆಯಷ್ಟು ಕೆಟ್ಟದ್ದಲ್ಲ ಅನ್ನುವ ನಂಬಿಕೆ ನಮ್ಮ ಕಡೆ ಜಾಸ್ತಿ. ರಕ್ತಕ್ಕೆ ಎರಡೂ ಒಂದೇ. ಆದರೂ ಡಬ್ಬಿ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಇನ್ನೊಂದು ಡಬ್ಬಿ ಹುಟ್ಟುತ್ತದೆ, ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಒಂದು ದಿನ ಸುಮ್ನೆ ಪಕ್ಕದಲ್ಲಿ ಕೂತು ಅವರು ಕುಡಿಯುವ ಚಹಾ ಎಣಿಸಿ. ಬೆಳಗಿನಿಂದ ಸಂಜೆಯವರೆಗೆ ಐದು ಕಪ್ಪು, ಕಪ್ಪಿಗೆ ಎರಡು ಚಮಚ ಸಕ್ಕರೆ ಅಂದರೂ ಹತ್ತು ಚಮಚ ಆಯಿತು, 40 ಗ್ರಾಂ ದಾಟಿತು. ಬೆಲ್ಲದ ತುಂಡಿಗಿಂತ ಇದು ದೊಡ್ಡದು, ಅಲ್ವಾ? ವಾರಕ್ಕೆ ಅರ್ಧ ಚಮಚ ಇಳಿಸುತ್ತಾ ಬನ್ನಿ. ನಾಲಿಗೆ ಒಗ್ಗಿಕೊಳ್ಳುತ್ತದೆ. ಚಹಾದ ಸಕ್ಕರೆ ಹೋದ ಮೇಲೆ ಊಟದ ಕೊನೆಗೆ ಹುಣಸೆ ಬೀಜದಷ್ಟು ಬೆಲ್ಲ ನೀವೇ ಕೈಗೆ ಕೊಡಿ. ಕೊಡುವವರು ಇದ್ದರೆ ಬಚ್ಚಿಡುವ ಕಾರಣ ಇರುವುದಿಲ್ಲ.

ರೊಟ್ಟಿ ಎಷ್ಟಾದರೂ ತಿನ್ನಬಹುದು ಅಂತಲೂ ಬಹಳ ಮಂದಿ ನಂಬಿದ್ದಾರೆ. ಅನ್ನಕ್ಕಿಂತ ಜೋಳ ವಾಸಿ, ನಿಜ. ಆದರೆ 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟವೇ ಇದೆ. ಎರಡು ರೊಟ್ಟಿ ಸಾಕು. ಜೊತೆಗೆ ಗಟ್ಟಿ ತೊಗರಿ ಬೇಳೆ, ಪುಂಡಿಪಲ್ಯ, ಮೊಳಕೆ ಕಾಳು ಹೊಟ್ಟೆ ತುಂಬ. ಮೂರು ರೊಟ್ಟಿ ತಿಂದು ಮೇಲೆ ಒಂದು ತಟ್ಟೆ ಅನ್ನ-ಸಾರು ಬಡಿಸಿಕೊಳ್ಳುವ ರೂಢಿ ಇದ್ದರೆ, ಆ ಅನ್ನವನ್ನು ಎರಡು ತುತ್ತಿಗೆ ಇಳಿಸಿ. ಮನೆಯವರೆಲ್ಲರೂ ಇದನ್ನೇ ಉಣ್ಣಿ. ಅವ್ವನಿಗೊಂದೇ ಬೇರೆ ಅಡುಗೆ ಮಾಡಿದರೆ ತಾನು ರೋಗಿ ಅಂತ ಮೂರು ಹೊತ್ತೂ ನೆನಪಾಗುತ್ತದೆ.

ಕಾಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಶುಗರ್ ಹಳೆಯದಾದಂತೆ ಪಾದದ ನರಗಳ ಅರಿವು ಕಡಿಮೆಯಾಗುತ್ತದೆ. ನಿಮ್ಮ ಅವ್ವನವರಿಗೆ ಗೊತ್ತಾಗಿದ್ದು ಈಗ, ಕಾಯಿಲೆ ಕೆಲವು ವರ್ಷಗಳಿಂದಲೇ ಇದ್ದಿರಬಹುದು. ಜಾಲಿ ಮುಳ್ಳು ಮುರಿದು ಒಳಗೆ ಕೂತು ಕೀವಾದರೂ ತಿಳಿಯದೆ ಬಂದ ರೈತರೊಬ್ಬರ ಕಾಲು ಇನ್ನೂ ನನ್ನ ಕಣ್ಣ ಮುಂದಿದೆ. ಏಪ್ರಿಲ್-ಮೇನಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಗುಡಿಯ ಅಂಗಳದ ಶಹಾಬಾದ್ ಕಲ್ಲು ಹಂಚಿನ ಹಾಗೆ ಕಾಯುತ್ತದೆ. ನಮಗಾದರೆ ಓಡಿ ನೆರಳು ಹಿಡಿಯಬೇಕು ಅನ್ನಿಸುತ್ತದೆ. ಅರಿವಿಲ್ಲದ ಕಾಲು ನಿಧಾನವಾಗಿ ನಡೆದು ಬೊಬ್ಬೆ ಎಬ್ಬಿಸಿಕೊಳ್ಳುತ್ತದೆ. ಗುಡಿಗೆ ಬೆಳಿಗ್ಗೆ ಬೇಗ ಹೋಗಲಿ, ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಲಿ. ರಾತ್ರಿ ಅತ್ತಿಗೆಯವರೋ ಮೊಮ್ಮಕ್ಕಳೋ ಅಂಗಾಲು ಮತ್ತು ಬೆರಳ ಸಂದು ನೋಡಲಿ.

ಕಣ್ಣು ಮಂಜಾಗಿದೆ ಅಂದಿರಿ. ಕಣ್ಣಿನ ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡಿಸುವ ಪರೀಕ್ಷೆ ಈಗಲೇ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಹೊಸ ಕನ್ನಡಕಕ್ಕೆ ಮಾತ್ರ ಅವಸರ ಬೇಡ. ಶುಗರ್ ಏರಿಳಿದ ಹಾಗೆ ನಂಬರೂ ಬದಲಾಗುತ್ತದೆ. ಕಿಡ್ನಿಗೆ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಬೇಕು, ಗುಳಿಗೆ ಪ್ರಮಾಣ ಕೂಡ ಅದನ್ನು ನೋಡಿಯೇ ನಿರ್ಧಾರವಾಗುತ್ತದೆ. ಬಿಪಿ ಮತ್ತು ಶುಗರ್ ಅನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ನೋಡುತ್ತಾರೆ.

ಮನೆಗೆ ಗ್ಲುಕೋಮೀಟರ್ ತಂದರೆ ಅದರ ಪಟ್ಟಿಗಳನ್ನು ಬಿಸಿಲು ಬೀಳುವ ಕಿಟಕಿಯಲ್ಲಿ, ತಗಡಿನ ಕೆಳಗೆ ಇಡಬೇಡಿ. ಸೆಕೆಗೆ ಕೆಟ್ಟ ಪಟ್ಟಿ ತಪ್ಪು ಅಂಕಿ ತೋರಿಸುತ್ತದೆ. ಅಂಕಿ 100 ಆಗಲೇಬೇಕು ಅಂತ ಹಟವೂ ಬೇಡ. ಗಟ್ಟಿಮುಟ್ಟಾಗಿರುವ ಹಿರಿಯರಿಗೆ ಎಚ್‌ಬಿಎ1ಸಿ 7ರಿಂದ 7.5ರ ಆಸುಪಾಸು ಸಾಕು, ತೀರಾ ನಿತ್ರಾಣ ಇರುವವರಿಗೆ 8ರ ತನಕವೂ ಒಪ್ಪುತ್ತೇವೆ. ನಿಮ್ಮ ಅವ್ವನವರಿಗೆ ಎಷ್ಟು ಅನ್ನುವುದನ್ನು ಅವರ ಡಾಕ್ಟರ ಬಾಯಿಂದಲೇ ಕೇಳಿ.

ಹೋಗುವಾಗ ಗುಳಿಗೆಯ ಚೀಟಿ, ರಿಪೋರ್ಟು ಮತ್ತು ಅವ್ವನವರನ್ನು ಕರೆದುಕೊಂಡೇ ಹೋಗಿ. ಬರುವ ಸೋಮವಾರದ ಒಳಗೇ ಹೋಗಿ.