ಕರಡಿ ಉಳಿಯಿತೋ, ಸತ್ತಿತೋ? ಮ್ಯಾಜಿಕ್ ನಿಯಮಗಳ ಪ್ರಶ್ನೋತ್ತರ

ಈ ಸಲ ಬಂದ ಪ್ರಶ್ನೆಗಳೆಲ್ಲ 1993ರಿಂದ ಆಡುತ್ತಿರುವ ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟದವು. ಜೀವಿಯ ಕಾರ್ಡ್ 2/2 ಎಂದರೆ ಪವರ್ (ಅದು ಕೊಡುವ ಪೆಟ್ಟು) 2, ಟಫ್‌ನೆಸ್ (ಅದನ್ನು ಕೊಲ್ಲಲು ಬೇಕಾದ ಪೆಟ್ಟು) 2.

ಪ್ರಶ್ನೆ: ನನ್ನ 2/2 ಗ್ರಿಜ್ಲಿ ಬೇರ್ಸ್ ಮೇಲೆ ಎದುರಾಳಿ 3 ಡ್ಯಾಮೇಜ್ ಮಾಡುವ ಲೈಟ್ನಿಂಗ್ ಬೋಲ್ಟ್ ಬಿಟ್ಟ. ಅದಕ್ಕೆ ಪ್ರತಿಯಾಗಿ ನಾನು ಜೈಂಟ್ ಗ್ರೋತ್ (ಟರ್ನ್ ಮುಗಿಯುವವರೆಗೆ +3/+3) ಹಾಕಿದೆ. ಟರ್ನ್ ಮುಗಿದಾಗ +3/+3 ಹೋಗುತ್ತದೆ, ಆಗ ಕರಡಿ ಸಾಯಲೇಬೇಕು ಅಂತ ಆತನ ವಾದ. ಯಾರದ್ದು ಸರಿ?

ಉತ್ತರ: ಕರಡಿ ಸಾಯುವುದಿಲ್ಲ. ಆಡಿದ ಕಾರ್ಡ್‌ಗಳು ಜಾರಿಯಾಗಲು ಕಾಯುವ ಸ್ಟ್ಯಾಕ್‌ನಲ್ಲಿ ಕೊನೆಗೆ ಬಂದದ್ದು ಮೊದಲು ಜಾರಿಯಾಗುತ್ತದೆ. ಹಾಗಾಗಿ ಗ್ರೋತ್ ಮೊದಲು ನಡೆದು ಕರಡಿ 5/5 ಆಗುತ್ತದೆ. ಆಮೇಲೆ ಬೋಲ್ಟ್‌ನ 3 ಡ್ಯಾಮೇಜ್ ಬೀಳುತ್ತದೆ, 5 ಟಫ್‌ನೆಸ್ ಅದನ್ನು ತಡೆದುಕೊಳ್ಳುತ್ತದೆ. ಜಗಳ ಹುಟ್ಟಿದ್ದು ಟರ್ನ್ ಮುಗಿಯುವ ಕಡೆ. ಗ್ರೋತ್ ಟರ್ನ್‌ನ ಕೊನೆಗೆ ಬರುವ ಎಂಡ್ ಸ್ಟೆಪ್ ಎಂಬ ಹಂತದಲ್ಲೇ ಇಳಿದುಹೋಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಇಳಿಯುವುದು ಅದರ ನಂತರದ ಕ್ಲೀನಪ್ ಸ್ಟೆಪ್‌ನಲ್ಲಿ. ನಿಯಮ 514.2ರ ಪ್ರಕಾರ ಮೈಮೇಲಿನ ಡ್ಯಾಮೇಜ್ ಅಳಿಯುವುದೂ ‘ಟರ್ನ್ ಮುಗಿಯುವವರೆಗೆ’ ಎಂಬ ಪರಿಣಾಮಗಳು ತೀರುವುದೂ ಒಂದೇ ಕ್ಷಣಕ್ಕೆ. ಕರಡಿ ಮತ್ತೆ 2/2 ಆಗುವ ಹೊತ್ತಿಗೆ ಅದರ ಮೇಲೆ ಗಾಯವೇ ಇರುವುದಿಲ್ಲ.

ಆದರೆ ಅದೇ ಟರ್ನ್‌ನಲ್ಲಿ ಎರಡನೇ ಬೋಲ್ಟ್ ಬಿದ್ದರೆ ಒಟ್ಟು 6 ಆಗಿ ಕರಡಿ ಹೋಗುತ್ತದೆ. ಇನ್ನೊಂದು ಎಚ್ಚರ: ನೀವೇ ಮೊದಲು ಗ್ರೋತ್ ಹಾಕಿ, ಆತ ಅದಕ್ಕೆ ಪ್ರತಿಯಾಗಿ ಬೋಲ್ಟ್ ಬಿಟ್ಟರೆ 2/2 ಕರಡಿ ಮೊದಲೇ ಸಾಯುತ್ತದೆ. ಟಾರ್ಗೆಟ್ ಇಲ್ಲದ ಗ್ರೋತ್ ಏನೂ ಮಾಡದೆ ಗ್ರೇವ್‌ಯಾರ್ಡ್ (ಮುಗಿದ ಕಾರ್ಡ್‌ಗಳ ರಾಶಿ) ಸೇರುತ್ತದೆ, ಎರಡು ಕಾರ್ಡೂ ದಂಡ. ಎದುರಾಳಿಯ ಬಳಿ ಕೆಂಪು ಮಾನಾ (ಬೋಲ್ಟ್ ಆಡಲು ಬೇಕಾದ ಶಕ್ತಿ) ಉಳಿದಿದ್ದರೆ ಗ್ರೋತ್ ಅನ್ನು ಕೈಯಲ್ಲೇ ಇಟ್ಟುಕೊಂಡು ಕಾಯುವುದು ವಾಸಿ.

ಪ್ರಶ್ನೆ: ಗ್ರೋತ್ ಹತ್ತಿದ ಕರಡಿಯ ಮೇಲೆ ಆಮೇಲೆ ಟರ್ನ್ ಟು ಫ್ರಾಗ್ (ಜೀವಿಯನ್ನು 1/1 ಕಪ್ಪೆ ಮಾಡುವ ಕಾರ್ಡ್) ಬಿತ್ತು. ಈಗ ಅದು 1/1 ತಾನೆ?

ಉತ್ತರ: ಅಲ್ಲ, 4/4. ಆಮೇಲೆ ಬಂದದ್ದೇ ಗೆಲ್ಲುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಫ್ರಾಗ್ ಬದಲಿಸುವುದು ಮೂಲ ಪವರ್, ಟಫ್‌ನೆಸ್ ಅನ್ನು, ಪರಿಣಾಮಗಳನ್ನು ಲೆಕ್ಕ ಹಾಕುವ ಕ್ರಮದಲ್ಲಿ (ಅದರ ಹಂತಗಳೇ ಲೇಯರ್‌ಗಳು) ಅದು ಲೇಯರ್ 7ಬಿ. ಗ್ರೋತ್‌ನಂಥ ಏರಿಳಿತ 7ಸಿ. ಯಾವುದನ್ನು ಮೊದಲು ಆಡಿದರೂ 7ಬಿ ಮುಗಿಸಿಯೇ 7ಸಿಗೆ ಬರಬೇಕು: ಮೊದಲು 1/1, ಅದರ ಮೇಲೆ +3/+3. ಜೀವಿಯ ಮೇಲಿಡುವ +1/+1 ಗುರುತುಗಳು, ಅಂದರೆ ಕೌಂಟರ್‌ಗಳಿದ್ದರೆ ಅವೂ 7ಸಿಯಲ್ಲೇ ಕೂಡುತ್ತವೆ. ಯಾವುದು ಮೊದಲು ಬಂತು ಎಂದು ನೋಡಬೇಕಾದದ್ದು ಎರಡು ಪರಿಣಾಮಗಳು ಒಂದೇ ಲೇಯರ್‌ನಲ್ಲಿ ತಾಗಿದಾಗ, ಉದಾಹರಣೆಗೆ ಎರಡೂ ಮೂಲ ಅಂಕಿಯನ್ನೇ ಬದಲಿಸುವಾಗ.

ಪ್ರಶ್ನೆ: ಟ್ರ್ಯಾಂಪಲ್ (ತಡೆದವರನ್ನು ಕೊಂದು ಮಿಕ್ಕ ಡ್ಯಾಮೇಜ್ ಆಟಗಾರನಿಗೆ), ಡೆತ್‌ಟಚ್ (ಮುಟ್ಟಿದರೆ ಸಾವು) ಎರಡೂ ಇರುವ 6/6 ಅನ್ನು 5/5 ತಡೆಯಿತು. ಆಟಗಾರನಿಗೆ ಎಷ್ಟು?

ಉತ್ತರ: 5. ಡೆತ್‌ಟಚ್ ಇದ್ದಾಗ 1 ಡ್ಯಾಮೇಜೇ ಮಾರಕ, ಮಿಕ್ಕದ್ದನ್ನು ಆಟಗಾರನ ಮೇಲೆ ಹಾಕಬಹುದು. ಇಬ್ಬರು ತಡೆದರೆ ಒಬ್ಬೊಬ್ಬರಿಗೆ 1, ಆಟಗಾರನಿಗೆ 4. ತಡೆದದ್ದು ಇಂಡಿಸ್ಟ್ರಕ್ಟಿಬಲ್ (ನಾಶವಾಗದ್ದು) ಆದರೂ 1 ಕೊಟ್ಟರೆ ಸಾಕು, ಅದು ಸಾಯುವುದಿಲ್ಲ ಅಷ್ಟೇ.

ಪ್ರಶ್ನೆ: ನಾನು ಪ್ರಾಡಿಗಲ್ ಸಾರ್ಸರರ್ ಎಂಬ ಜೀವಿಯನ್ನು ಟ್ಯಾಪ್ ಮಾಡಿ (ಬಳಸಿದೆ ಎಂದು ಕಾರ್ಡ್ ಅಡ್ಡ ತಿರುಗಿಸಿ) 1 ಡ್ಯಾಮೇಜ್ ಬಿಟ್ಟ ಕೂಡಲೇ ಎದುರಾಳಿ ಅದನ್ನು ಕೊಂದ. ಡ್ಯಾಮೇಜ್ ತಪ್ಪಿತೇ?

ಉತ್ತರ: ಇಲ್ಲ. ಟ್ಯಾಪ್ ಮಾಡಿದಾಗಲೇ ಬೆಲೆ ತೆತ್ತಾಯಿತು, ಸಾಮರ್ಥ್ಯ ಸ್ಟ್ಯಾಕ್ ಸೇರಿತು. ಬಿಟ್ಟ ಬಾಣದ ಹಾಗೆ, ಬಿಲ್ಲು ಮುರಿದರೂ ಅದು ನಿಲ್ಲದು. ಟ್ಯಾಪ್ ಮಾಡುವ ಮೊದಲೇ ಕೊಂದಿದ್ದರೆ ಮಾತ್ರ ತಪ್ಪುತ್ತಿತ್ತು.