ಓದುಗರ ಪ್ರಶ್ನೆ: ಫ್ಲೆಕ್ಸ್ ಮಷಿನ್ ಗೆರೆ ಹೊಡೆದರೆ ಮೊದಲು ಕ್ಯಾಪ್ ನೋಡಿ

ದೊಡ್ಡ ಅಳತೆಯ ಇಂಕ್‌ಜೆಟ್ ಪ್ರಿಂಟರ್ ಇಟ್ಟುಕೊಂಡವರು ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಎಲ್ಲ ಉತ್ತರಗಳೂ ಇಕೋ ಸಾಲ್ವೆಂಟ್ (ನೀರಿನ ಬದಲು ದ್ರಾವಕದಲ್ಲಿ ಬೆರೆಸಿದ ಇಂಕ್ ಬಳಸುವ) ಮಷಿನ್‌ಗೆ ಸಂಬಂಧಿಸಿದವು. ಹೊಸಬರಿಗೆ ಒಂದು ಮಾತು: ಹೆಡ್ ಅಂದರೆ ಇಂಕ್ ಚಿಮ್ಮಿಸುವ ಭಾಗ, ನಾಜಲ್ ಅಂದರೆ ಅದರ ಸಣ್ಣ ತೂತು, ಕ್ಯಾರೇಜ್ ಅಂದರೆ ಹೆಡ್ ಹೊತ್ತು ಅತ್ತಿತ್ತ ಓಡುವ ಭಾಗ, ಕ್ಯಾಪ್ ಅಂದರೆ ಕೆಲಸವಿಲ್ಲದಾಗ ಹೆಡ್ ಕೂರುವ ರಬ್ಬರ್ ಅಂಚಿನ ಮುಚ್ಚಳ, ಸಲ್ಯೂಷನ್ ಅಂದರೆ ಇಂಕ್ ತೊಳೆಯುವ ದ್ರವ.

ನಮ್ಮದು ಆರು ಅಡಿ ಮಷಿನ್, ಡಿಎಕ್ಸ್5 ಮಾಡೆಲ್ ಹೆಡ್. ದಿನಾ ಬೆಳಿಗ್ಗೆ ಮಜೆಂಟಾ (ಗುಲಾಬಿ ಕೆಂಪು) ಬಣ್ಣದಾಗ ನಾಲ್ಕೈದು ನಾಜಲ್ ಇರೋದಿಲ್ಲ. ಕ್ಲೀನಿಂಗ್ ಕೊಟ್ಟಂಗೆಲ್ಲ ಬ್ಯಾರೆ ಬ್ಯಾರೆ ಕಡೆ ಹೋಗ್ತಾವ. ಹೆಡ್ ಹೋಗೇತಿ ಅಂತ ಮೆಕ್ಯಾನಿಕ್ ಹೇಳ್ತಾರ. ಬದಲಿಸಬೇಕೇನು?
— ಅಂಗಡಿ ಮಾಲೀಕರು, ಬಳ್ಳಾರಿ

ಈಗಲೇ ಬದಲಿಸಬೇಡಿ. ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಭಾಗ ಇದೆ. ಕ್ಲೀನಿಂಗ್ ಕೊಡದೆ ಮೂರು ನಾಜಲ್ ಟೆಸ್ಟ್ (ಪ್ರತಿ ನಾಜಲ್ ಒಂದೊಂದು ಸಣ್ಣ ಗೆರೆ ಎಳೆಯುವ ಪರೀಕ್ಷೆ) ಹೊಡೆದು, ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೂರರಲ್ಲೂ ಅದೇ ಜಾಗದ ಗೆರೆ ಇಲ್ಲದಿದ್ದರೆ ಆ ನಾಜಲ್‌ನಲ್ಲಿ ಇಂಕ್ ಒಣಗಿದೆ ಎಂದರ್ಥ. ಪ್ರತಿ ಸಲ ಜಾಗ ಬದಲಾಗುತ್ತಿದ್ದರೆ ಹೆಡ್ ಕಟ್ಟಿಲ್ಲ, ಎಲ್ಲಿಂದಲೋ ಗಾಳಿ ಸೇರುತ್ತಿದೆ. ಟೆಸ್ಟ್ ಪೂರ್ತಿ ಚೆನ್ನಾಗಿ ಬಂದು, ಒಂದೆರಡು ಮೀಟರ್ ಪ್ರಿಂಟ್ ಆದ ಮೇಲೆ ಒಂದೇ ಬಣ್ಣ ತೆಳುವಾಗುತ್ತಾ ಹೋದರೆ ಹೆಡ್‌ಗೆ ಸಾಕಷ್ಟು ಇಂಕ್ ಬರುತ್ತಿಲ್ಲ. ಅದು ಡ್ಯಾಂಪರ್ (ಹೆಡ್‌ಗೆ ಇಂಕ್ ಸೋಸಿ ಕೊಡುವ ಚಿಕ್ಕ ಡಬ್ಬಿ) ಇಲ್ಲವೇ ಪೈಪಿನ ದೋಷ. ಹಳದಿ ಗೆರೆ ಕಣ್ಣಿಗೆ ಸರಿಯಾಗಿ ಕಾಣದಿದ್ದರೆ ನೀಲಿ ಎಲ್‌ಇಡಿ ಬೆಳಕಿನಲ್ಲಿ ನೋಡಿ, ಕಪ್ಪಾಗಿ ಎದ್ದು ಕಾಣುತ್ತದೆ.

ನಿಮ್ಮದು ಎರಡನೆಯ ಬಗೆ. ಅನುಮಾನ ಮೊದಲು ಹೋಗಬೇಕಾದದ್ದು ಕ್ಯಾಪ್ ಮೇಲೆ. ಕ್ಲೀನಿಂಗ್ ಅಂದರೆ ಕ್ಯಾಪ್ ಹೆಡ್‌ಗೆ ಅಂಟಿ ಕೂತು, ಕೆಳಗಿನ ಪಂಪ್ ಇಂಕ್ ಎಳೆಯುವುದು. ಕ್ಯಾಪಿನ ರಬ್ಬರ್ ಅಂಚಿನಲ್ಲಿ ಒಣ ಇಂಕ್ ಗಟ್ಟಿಯಾಗಿದ್ದರೆ ಅಥವಾ ಅಂಚು ಸೀಳಿದ್ದರೆ ಪಂಪ್ ಇಂಕ್ ಬದಲು ಹೊರಗಿನ ಗಾಳಿಯನ್ನು ಎಳೆಯುತ್ತದೆ. ಅದಕ್ಕೇ ಕ್ಲೀನಿಂಗ್ ಕೊಟ್ಟಷ್ಟೂ ನಾಜಲ್ ಹೆಚ್ಚು ಹೋಗುತ್ತವೆ. ರಾತ್ರಿಯಿಡೀ ಆ ಸಂದಿನಿಂದ ಗಾಳಿಯಾಡಿ ಹೆಡ್ ಒಣಗುವುದು ಬೇರೆ.

ಪರೀಕ್ಷೆ ಸುಲಭ. ಮೆಂಟೆನೆನ್ಸ್ ಮೆನುವಿನಿಂದ ಕ್ಯಾರೇಜ್ ಅನ್ನು ಪಕ್ಕಕ್ಕೆ ಸರಿಸಿ, ಸಿರಿಂಜ್‌ನಿಂದ ಕ್ಯಾಪ್ ತುಂಬ ಸಲ್ಯೂಷನ್ ಬಿಡಿ. ಐದು ನಿಮಿಷ ಹಾಗೇ ಬಿಟ್ಟರೂ ಮಟ್ಟ ಇಳಿಯಬಾರದು. ಇಳಿದರೆ ಕ್ಯಾಪ್ ಕೆಳಗಿನ ಪೈಪ್ ಅಥವಾ ಪಂಪ್ ಹಿಡಿತ ಬಿಟ್ಟಿದೆ. ಆಮೇಲೆ ಪಂಪ್ ಓಡಿಸಿದರೆ ಕೆಲವೇ ಸೆಕೆಂಡಿನಲ್ಲಿ ಖಾಲಿಯಾಗಬೇಕು. ಆಗದಿದ್ದರೆ ಪಂಪಿನ ಒಳಗಿನ ರಬ್ಬರ್ ಪೈಪ್ ಚಪ್ಪಟೆಯಾಗಿದೆ ಅಥವಾ ಕಟ್ಟಿದೆ. ಎರಡೂ ಸರಿಯಿದ್ದರೆ ಅಂಚನ್ನು ಫೋಮ್ ತುದಿಯ ಕಡ್ಡಿಯಿಂದ, ಸಲ್ಯೂಷನ್ ಹಚ್ಚಿ ಸುತ್ತಲೂ ಒರೆಸಿ. ಕಿವಿಗೆ ಬಳಸುವ ಹತ್ತಿ ಕಡ್ಡಿ ಬೇಡವೇ ಬೇಡ, ಅದರ ಎಳೆ ಬಿಟ್ಟು ಹೆಡ್‌ಗೆ ಅಂಟುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕದ ಮಗ್ಗುಲಲ್ಲೇ ಅಂಗಡಿ ಇದ್ದರೆ ಗಾಳಿಯಲ್ಲಿ ಬರುವ ನೂಲಿನ ಎಳೆಯೂ ಹೀಗೇ ಕ್ಯಾಪ್ ಅಂಚಿನಲ್ಲಿ ಕೂರುತ್ತದೆ. ಒಂದು ಎಳೆ ಸಾಕು, ಹಿಡಿತ ತಪ್ಪುತ್ತದೆ.

ಕ್ಯಾಪ್ ಆದ ಮೇಲೆ ವೈಪರ್, ಅಂದರೆ ಹೆಡ್ ಮುಖ ಒರೆಸುವ ರಬ್ಬರ್ ಪಟ್ಟಿ. ಅದರ ತುದಿ ಬಾಗಿದ್ದರೆ ಅಥವಾ ಮೇಲೆ ಜಿಗುಟು ಇಂಕ್ ಇದ್ದರೆ, ಒಂದು ಬಣ್ಣದ ಇಂಕನ್ನು ಇನ್ನೊಂದರ ನಾಜಲ್‌ಗೆ ಬಳಿಯುತ್ತದೆ. ದಿನವೂ ಕೆಲಸ ಮಾಡುವ ಮಷಿನ್‌ನಲ್ಲಿ ವೈಪರನ್ನು ಆರು ತಿಂಗಳಿಗೊಮ್ಮೆ ಬದಲಿಸುವುದು ಒಳ್ಳೆಯದು. ಹೆಡ್‌ನ ಬೆಲೆಯ ಎದುರು ವೈಪರ್, ಕ್ಯಾಪ್‌ಗಳ ಬೆಲೆ ಏನೂ ಅಲ್ಲ. ಆದರೂ ಹೆಚ್ಚಿನ ಅಂಗಡಿಗಳಲ್ಲಿ ಅವು ಹರಿಯುವ ತನಕ ಓಡುತ್ತವೆ, ಅಷ್ಟರಲ್ಲಿ ಹೆಡ್ ಹಾಳಾಗಿರುತ್ತದೆ. ಇದು ನಿಜಕ್ಕೂ ಬೇಸರದ ಸಂಗತಿ.

ಮೂರನೆಯದು ಡ್ಯಾಂಪರ್. ಒಳಗೆ ಇಂಕ್ ಅರ್ಧಕ್ಕಿಂತ ಕೆಳಗಿದ್ದರೆ, ಜಾಳಿಗೆಯ ಮೇಲೆ ಕೆಸರಿನಂಥದ್ದು ಕಂಡರೆ ಬದಲಿಸಿ. ಗಾಳಿ ಮಾತ್ರ ಇದ್ದರೆ ಡ್ಯಾಂಪರ್ ಬಿಚ್ಚಿ, ಕೆಳಬಾಯಿಗೆ ಸಿರಿಂಜ್ ಹಿಡಿದು, ಗುಳ್ಳೆ ನಿಲ್ಲುವ ತನಕ ಎರಡು ಮೂರು ಎಂಎಲ್ ಇಂಕ್ ನಿಧಾನ ಎಳೆಯಿರಿ. ಇದನ್ನು ಮಾಡುವ ಮುಂಚೆ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಲೇಬೇಕು. ಹೆಡ್‌ಗೆ ಹೋಗುವ ಚಪ್ಪಟೆ ಕೇಬಲ್ ಮೇಲೆ ಒಂದು ಹನಿ ಇಂಕ್ ಬಿದ್ದು ಕರೆಂಟ್ ಹರಿದರೆ ಹೆಡ್ ಜೊತೆಗೆ ಬೋರ್ಡ್ ಕೂಡ ಸುಡಬಹುದು.

ಇಷ್ಟೆಲ್ಲ ಆದ ಮೇಲೂ ಅದೇ ಜಾಗದ ನಾಜಲ್ ಬರದಿದ್ದರೆ ಮಾತ್ರ ಹೆಡ್ ಸರದಿ. ಕ್ಯಾಪ್‌ನಲ್ಲಿ ಸಲ್ಯೂಷನ್ ತುಂಬಿ, ಹೆಡ್ ಅನ್ನು ಅದರ ಮೇಲೆ ಅರ್ಧ ಗಂಟೆ ಕೂರಿಸಿ, ಒಂದು ಸಾಧಾರಣ ಕ್ಲೀನಿಂಗ್ ಕೊಡಿ. ಸಿರಿಂಜ್‌ನಿಂದ ಜೋರಾಗಿ ಒತ್ತಿ ತಳ್ಳುವವರಿದ್ದಾರೆ. ಕೂದಲಿಗಿಂತ ಸಣ್ಣ ತೂತುಗಳಿರುವ ತಟ್ಟೆ ಅದು, ಅಂಟಿನಿಂದ ಕೂಡಿಸಿದ್ದು. ಒತ್ತಡಕ್ಕೆ ಅಂಟು ಬಿಟ್ಟರೆ ಒಂದು ಬಣ್ಣ ಇನ್ನೊಂದಕ್ಕೆ ಒಳಗೇ ಬೆರೆಯುತ್ತದೆ, ಮತ್ತೆ ಸರಿಹೋಗುವುದಿಲ್ಲ. ನಾಜಲ್ ಇರುವ ಮುಖವನ್ನು ಬಟ್ಟೆಯಿಂದ ಉಜ್ಜುವುದೂ ಬೇಡ. ಹೆಡ್‌ನ ಅಂಚುಗಳನ್ನು ಮಾತ್ರ ಒರೆಸಿ.

ಅಕ್ಷರಗಳು ಎರಡೆರಡಾಗಿ ಮೂಡುತ್ತವೆ. ಒಮ್ಮೊಮ್ಮೆ ಕ್ಯಾರೇಜ್ ಹೋಗಿ ಬದಿಗೆ ಡಿಕ್ಕಿ ಹೊಡೆದು ಎರರ್ ತೋರಿಸುತ್ತದೆ. ಅಂಗಡಿಯಲ್ಲಿ ಕಾರ್ಖಾನೆಯ ಕಪ್ಪು ಧೂಳು ಬಹಳ.
— ಗಿಣಿಗೇರಾ, ಕೊಪ್ಪಳ ಜಿಲ್ಲೆ

ಕ್ಯಾರೇಜ್ ಹಿಂದೆ ಉದ್ದಕ್ಕೆ ಹಾದುಹೋಗಿರುವ ಪಾರದರ್ಶಕ ಪಟ್ಟಿಯೇ ಎನ್‌ಕೋಡರ್ ಸ್ಟ್ರಿಪ್. ಅದರ ಮೇಲೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಒತ್ತೊತ್ತಾಗಿ ಗೆರೆಗಳಿವೆ. ಸೆನ್ಸರ್ ಆ ಗೆರೆಗಳನ್ನು ಎಣಿಸುತ್ತಲೇ ಕ್ಯಾರೇಜ್ ಎಲ್ಲಿದೆ ಎಂದು ಮಷಿನ್ ತಿಳಿಯುತ್ತದೆ. ಧೂಳು ಗೆರೆ ಮುಚ್ಚಿದರೆ ಎಣಿಕೆ ತಪ್ಪಿ ಬಣ್ಣ ಪಕ್ಕಕ್ಕೆ ಬೀಳುತ್ತದೆ. ಹೆಚ್ಚು ತಪ್ಪಿದರೆ ಡಿಕ್ಕಿ.

ಪ್ಲಗ್ ಕಿತ್ತು, ಎಳೆ ಬಿಡದ ಬಟ್ಟೆಯನ್ನು ಶುದ್ಧ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಪಟ್ಟಿಯನ್ನು ಎರಡೂ ಬದಿಯಿಂದ ಹಗುರವಾಗಿ ಹಿಡಿದು ಒಂದೇ ದಿಕ್ಕಿಗೆ ಒರೆಸಿ. ಇಂಕ್ ಕಲೆ ಇದ್ದ ಕಡೆ ಮಾತ್ರ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಹಚ್ಚಿ. ಇಂಕ್ ತೊಳೆಯುವ ಸಲ್ಯೂಷನ್ ತಾಗಿಸಿದರೆ ಗೆರೆಗಳೇ ಅಳಿಸಿಹೋಗಬಹುದು. ಸೆನ್ಸರ್ ಸಂದಿಯ ಧೂಳನ್ನು ರಬ್ಬರ್ ಬಲ್ಬ್‌ನಿಂದ ಊದಿ ತೆಗೆಯಿರಿ. ನಿಮ್ಮಲ್ಲಿ ಈ ಕೆಲಸ ವಾರಕ್ಕೊಮ್ಮೆ ಆಗಬೇಕು.

ಕ್ಯಾರೇಜ್ ಓಡುವ ರೈಲಿನ ಕಡೆಗೂ ಗಮನ ಇರಲಿ. ಅದಿರಿನ ಅಥವಾ ಕಬ್ಬಿಣದ ಧೂಳು ಹಳೇ ಗ್ರೀಸಿನಲ್ಲಿ ಬೆರೆತರೆ ಸಾಣೆಯಂತೆ ರೈಲು, ಬೇರಿಂಗ್ ಎರಡನ್ನೂ ತೇಯುತ್ತದೆ. ಹಳೆಯದನ್ನು ಪೂರ್ತಿ ಒರೆಸಿದ ಮೇಲೆಯೇ ಹೊಸ ಗ್ರೀಸನ್ನು ತೆಳುವಾಗಿ ಹಚ್ಚಿ, ಅದೂ ಮಷಿನ್ ಪುಸ್ತಕದಲ್ಲಿ ಹೇಳಿದ ಜಾತಿಯದ್ದನ್ನೇ. ಕಂಪ್ರೆಸರ್ ಗಾಳಿ ಹೊಡೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ: ಧೂಳು ಹೊರಗೆ ಹೋಗುವುದಿಲ್ಲ, ಹೆಡ್ ಕಡೆಗೇ ನುಗ್ಗುತ್ತದೆ. ಕಸಬರಿಗೆ ಬದಲು ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಪಟ್ಟಿ ಸ್ವಚ್ಛವಾದ ಮೇಲೂ ಅಕ್ಷರ ಎರಡಾಗಿದ್ದರೆ ಬೈಡೈರೆಕ್ಷನ್ ಅಳತೆ (ಕ್ಯಾರೇಜ್ ಹೋಗುವಾಗ, ಬರುವಾಗ ಬೀಳುವ ಹನಿಗಳನ್ನು ಒಂದೇ ಕಡೆ ಕೂರಿಸುವುದು) ಮತ್ತೆ ಹೊಂದಿಸಬೇಕು. ವಿನೈಲ್‌ನಿಂದ ದಪ್ಪ ಫ್ಲೆಕ್ಸ್‌ಗೆ ಬದಲಿಸಿ ಹೆಡ್ ಎತ್ತರ ಹೆಚ್ಚಿಸಿದಾಗಲೆಲ್ಲ ಈ ಅಳತೆ ಬದಲಾಗುತ್ತದೆ, ಏಕೆಂದರೆ ಹನಿ ಕೆಳಗೆ ಬೀಳುವಷ್ಟರಲ್ಲಿ ಕ್ಯಾರೇಜ್ ಇನ್ನಷ್ಟು ಮುಂದೆ ಹೋಗಿರುತ್ತದೆ.

ಬೇಸಿಗೆಯಲ್ಲಿ ಮಧ್ಯಾಹ್ನ ಆಯಿತೆಂದರೆ ನಾಜಲ್ ಹೋಗುತ್ತವೆ, ಬೆಳಿಗ್ಗೆ ಸರಿ ಇರುತ್ತದೆ. ಕೂಲರ್ ಸಾಕೇ, ಎಸಿಯೇ ಬೇಕೇ?
— ರಾಯಚೂರು

ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಗಾಳಿಯ ತೇವವೂ ತೀರಾ ಕಡಿಮೆ. ಸಾಮಾನ್ಯವಾಗಿ ಈ ಮಷಿನ್‌ಗಳಿಗೆ 20ರಿಂದ 30 ಡಿಗ್ರಿ ಉಷ್ಣತೆ, ಶೇ. 40ರಿಂದ 60 ತೇವಾಂಶ ಹಿತ. ಬಿಸಿ, ಒಣ ಗಾಳಿಯಲ್ಲಿ ಎರಡು ತೊಂದರೆ. ಬಿಸಿಗೆ ನಾಜಲ್ ಬಾಯಲ್ಲೇ ಇಂಕ್ ದಪ್ಪಗಾಗುತ್ತದೆ. ಜೊತೆಗೆ ವಿನೈಲ್ ರೋಲ್ ಬಿಚ್ಚಿಕೊಳ್ಳುವಾಗ ಸ್ಟ್ಯಾಟಿಕ್ (ಸ್ಥಿರ ವಿದ್ಯುತ್) ಹುಟ್ಟಿ, ಸಣ್ಣ ಹನಿಗಳು ದಾರಿ ತಪ್ಪಿ ಅಕ್ಷರದ ಅಂಚು ಮಂಜುಮಂಜಾಗುತ್ತದೆ, ಹಾಳೆಯ ಮೇಲಿನ ಧೂಳು ಹಾರಿ ಹೆಡ್‌ಗೆ ಹತ್ತುತ್ತದೆ.

ಮೊದಲು ತೇವಾಂಶ ತೋರಿಸುವ ಮೀಟರ್ ಒಂದನ್ನು ಮಷಿನ್ ಪಕ್ಕ ತೂಗುಹಾಕಿ. ಎಸಿ ತಂಪು ಕೊಡುತ್ತದೆ, ಆದರೆ ತೇವ ಹೀರುತ್ತದೆ. ಕೂಲರ್ ತೇವ ಕೊಡುತ್ತದೆ, ಕಿಟಕಿಯಿಂದ ಧೂಳನ್ನೂ ತರುತ್ತದೆ. ನಮ್ಮ ಮಾತು ಕೇಳುವುದಾದರೆ ಮುಚ್ಚಿದ ಕೋಣೆ, ಎಸಿ, ಜೊತೆಗೆ ಗಾಳಿಗೆ ತೇವ ಕೊಡುವ ಚಿಕ್ಕ ಹ್ಯುಮಿಡಿಫೈಯರ್. ಆಗದಿದ್ದರೆ ಕೂಲರ್ ಇರಲಿ, ಹುಲ್ಲಿನ ಪ್ಯಾಡ್ ಸ್ವಚ್ಛವಾಗಿರಲಿ, ಗಾಳಿ ಮಷಿನ್ ಮೇಲೆ ನೇರ ಬೀಸದಂತೆ ಗೋಡೆ ಕಡೆಗೆ ತಿರುಗಿಸಿ. ಇಂಕ್‌ನ ವಾಸನೆ ಹೊರಹೋಗಲು ಎಗ್ಜಾಸ್ಟ್ ಫ್ಯಾನ್ ಯಾವತ್ತೂ ಬೇಕು.

ಹಣ ಖರ್ಚಿಲ್ಲದ ಒಂದು ಉಪಾಯ: ಪ್ರಿಂಟ್‌ಗೆ ಮುಂಚೆ ಹಾಳೆ ಬೆಚ್ಚಗೆ ಮಾಡುವ ಮುಂಗಡ ಹೀಟರನ್ನು ಚಳಿಗಾಲದ 40–45 ಡಿಗ್ರಿಯಲ್ಲೇ ಬಿಟ್ಟಿದ್ದರೆ 35ರ ಆಸುಪಾಸಿಗೆ ಇಳಿಸಿ ನೋಡಿ. ಕೆಳಗಿನ ಶಾಖ ನೇರ ಹೆಡ್‌ಗೆ ಏರುವುದು ತಪ್ಪುತ್ತದೆ. ಸ್ಟ್ಯಾಟಿಕ್ ಹರಿದುಹೋಗಲು ಅರ್ಥಿಂಗ್ ಸರಿ ಇರಬೇಕು, ಅದನ್ನೂ ಎಲೆಕ್ಟ್ರಿಷಿಯನ್‌ರಿಂದ ಅಳೆಸಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ 3 ವೋಲ್ಟ್ ಮೀರಿದರೆ ನೆಲದಲ್ಲಿ ತೋಡಿದ ಅರ್ಥಿಂಗ್ ಗುಂಡಿ ಒಣಗಿದೆಯೇ ನೋಡಬೇಕು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವುದನ್ನು ಮರೆಯಬೇಡಿ.

ಸಲ್ಯೂಷನ್ ಬದಲು ಪೆಟ್ರೋಲ್ ಅಥವಾ ಪೇಂಟ್ ಥಿನ್ನರ್ ಬಳಸಬಹುದೇ?
— ಲಿಂಗಸುಗೂರು

ಕೂಡದು. ಕ್ಯಾಪಿನ ರಬ್ಬರ್ ಉಬ್ಬುತ್ತದೆ, ಹೆಡ್‌ನ ಅಂಟು ಬಿಡಬಹುದು, ಬೆಂಕಿಯ ಭಯ ಬೇರೆ. ಆರ್‌ಒ ನೀರೂ ಬೇಡ. ಇಕೋ ಸಾಲ್ವೆಂಟ್ ಇಂಕ್‌ಗೆ ನೀರು ಸೇರಿದರೆ ಗಂಟು ಕಟ್ಟುತ್ತದೆ. ಇಂಕ್ ಯಾವ ಕಂಪನಿಯದೋ ಸಲ್ಯೂಷನ್ ಅದೇ ಕಂಪನಿಯದಿರಲಿ.

ಪ್ರಿಂಟ್ ನಡುವೆ ಕರೆಂಟ್ ಹೋದರೆ?
— ಸಿರುಗುಪ್ಪ

ಹೆಡ್ ಹಾಳೆಯ ಮೇಲೆ ಬಾಯಿ ತೆರೆದೇ ನಿಂತಿರುತ್ತದೆ, ಅದೇ ಅಪಾಯ. ಮಷಿನ್ ಸ್ವಿಚ್ ಆಫ್ ಮಾಡಿ, ಕ್ಯಾರೇಜ್ ಅನ್ನು ಕೈಯಿಂದ ನಿಧಾನ ತಳ್ಳಿ ಕ್ಯಾಪ್ ಮೇಲೆ ತನ್ನಿ. ಕ್ಯಾಪ್ ಕೆಳಗಿಳಿದಿದ್ದರೆ ಪುಸ್ತಕದಲ್ಲಿ ತೋರಿಸಿದ ಗಿಯರ್ ತಿರುಗಿಸಿ ಮೇಲೆತ್ತಬೇಕು. ಹೀಟರ್ ಬಿಟ್ಟು ಮಷಿನ್ ಮತ್ತು ಕಂಪ್ಯೂಟರ್‌ಗೆ ಮಾತ್ರ ಯುಪಿಎಸ್ ಕೊಟ್ಟರೆ ಚಿಕ್ಕದೇ ಸಾಕು. ಹೆಡ್ ಮನೆ ಸೇರಲು ಎರಡು ನಿಮಿಷ ಸಿಕ್ಕರೆ ಆಯಿತು.

ಜಾತ್ರೆ ಸೀಸನ್ ಮುಗಿದ ಮೇಲೆ ಹದಿನೈದು ದಿನ ಅಂಗಡಿ ಮುಚ್ಚುತ್ತೇವೆ. ಇಂಕ್ ಖಾಲಿ ಮಾಡಬೇಕೇ? ವೇಸ್ಟ್ ಇಂಕ್ ಗಟಾರಕ್ಕೆ ಚೆಲ್ಲಬಹುದೇ?
— ಕೊಪ್ಪಳ

ಹದಿನೈದು ದಿನಕ್ಕೆ ಖಾಲಿ ಮಾಡುವ ಅಗತ್ಯವಿಲ್ಲ. ಕ್ಯಾಪ್, ವೈಪರ್ ಒರೆಸಿ, ಕ್ಯಾಪ್‌ಗೆ ಸಲ್ಯೂಷನ್ ತುಂಬಿ ಹೆಡ್ ಕೂರಿಸಿ. ತಾನಾಗಿ ಕ್ಲೀನಿಂಗ್ ಮಾಡಿಕೊಳ್ಳುವ ಮಷಿನ್ ಆದರೆ ಮುಖ್ಯ ಸ್ವಿಚ್ ಆನ್‌ನಲ್ಲೇ ಇರಲಿ. ಮೂರು ನಾಲ್ಕು ದಿನಕ್ಕೊಮ್ಮೆ ಯಾರಾದರೂ ಬಂದು, ಎಲ್ಲ ಬಣ್ಣದ ಒಂದೊಂದು ಪಟ್ಟಿ ಹೊಡೆದು, ಕ್ಯಾಪ್ ಮತ್ತೆ ತುಂಬಿ ಹೋದರೆ ಸಾಕು. ತಿಂಗಳು ಮೀರುವುದಾದರೆ ಮಾತ್ರ ಇಂಕ್ ತೆಗೆದು ಪೈಪ್‌ಗಳನ್ನೆಲ್ಲ ಸಲ್ಯೂಷನ್‌ನಿಂದ ಫ್ಲಶ್ ಮಾಡಿ. ರೋಲನ್ನು ಒತ್ತುವ ರಬ್ಬರ್ ಗಾಲಿಗಳನ್ನು ಮೇಲೆತ್ತಿಡಿ, ಇಲ್ಲವಾದರೆ ಒಂದೇ ಕಡೆ ತಗ್ಗು ಬಿದ್ದು ಆಮೇಲೆ ಹಾಳೆ ಸಮನಾಗಿ ಸರಿಯುವುದಿಲ್ಲ.

ವೇಸ್ಟ್ ಇಂಕ್ ಗಟಾರಕ್ಕೆ ಬೇಡ. ಅದರಲ್ಲಿರುವ ಸಾಲ್ವೆಂಟ್ ಮಣ್ಣಿಗೂ ನೀರಿಗೂ ವಿಷ, ಬೆಂಕಿಯೂ ಹತ್ತುತ್ತದೆ. ಬಿಗಿ ಮುಚ್ಚಳದ ಕ್ಯಾನ್‌ನಲ್ಲಿ ತುಂಬಿ, ಮೇಲೆ ‘ವೇಸ್ಟ್ ಇಂಕ್’ ಎಂದು ಬರೆದು, ಬಿಸಿಲಿಗೆ ಇಡದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ. ಊರಿನ ಎಲ್ಲ ಫ್ಲೆಕ್ಸ್ ಅಂಗಡಿಗಳವರು ಕೂಡಿ ಕೊಟ್ಟರೆ ಸಾಗಣೆ ಖರ್ಚು ಹಂಚಿಹೋಗುತ್ತದೆ.