ಕೇಳಿ ತಿಳಿಯಿರಿ: ಏಡಿ ಬುಟ್ಟಿಯ ಬಾಯಿ

ಪ್ರಶ್ನೆ (ಕಾರಟಗಿ): ಜಾಲರಿಯಿಂದ ಬುಟ್ಟಿ ಮಾಡಿ, ಕೋಳಿ ಕರುಳು ಹಾಕಿ ನಮ್ಮ ಗದ್ದೆ ಪಕ್ಕದ ಬಸಿಗಾಲುವೆಯಲ್ಲಿ ಇಟ್ಟೆ. ಬೆಳಿಗ್ಗೆ ಎರೆ ಖಾಲಿ, ಏಡಿ ಒಂದೂ ಇಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಏಡಿ ಬಂದಿದೆ, ಉಂಡಿದೆ, ಹೋಗಿದೆ. ತಪ್ಪು ಬಹುಶಃ ಬಾಯಲ್ಲಿದೆ. ಜಾಲರಿಗೆ ಬರೀ ತೂತು ಕೊರೆದರೆ ಒಳಗಿನ ಏಡಿ ಗೋಡೆ ಸವರುತ್ತಾ ನಡೆದು ಅದೇ ತೂತಿಗೆ ಬಂದು ಬೀಳುತ್ತದೆ. ಬಾಯಿ ಲಾಳಿಕೆಯಂತಿರಬೇಕು: ಹೊರಗೆ 15 ಸೆಂ.ಮೀ., ಒಳಗೆ 7 ಸೆಂ.ಮೀ., ಉದ್ದ 15 ಸೆಂ.ಮೀ. ಒಳತುದಿ ತಳದಿಂದ 10–12 ಸೆಂ.ಮೀ. ಮೇಲೆ, ಯಾವ ಗೋಡೆಗೂ ತಾಗದೆ ನಡುವೆ ಚಾಚಿಕೊಂಡಿರಲಿ. ಹತ್ತಿ ಒಳಗೆ ಬೀಳುವ ಏಡಿಗೆ ಮತ್ತೆ ಆ ತೂತು ಸುಲಭಕ್ಕೆ ಸಿಗುವುದಿಲ್ಲ. ಹತ್ತುವ ಮೈ ಒರಟಾಗಿರಲಿ. ನುಣುಪು ಪ್ಲಾಸ್ಟಿಕ್ ಬಳಸಿದರೆ ಏಡಿ ಜಾರಿ ವಾಪಸ್ ಹೋಗುತ್ತದೆ.

ಬುಟ್ಟಿ 60×40×30 ಸೆಂ.ಮೀ. ಸಾಕು. ಜಾಲರಿ ಕಣ್ಣು 20–25 ಮಿ.ಮೀ. ಇದ್ದರೆ ಚಿಕ್ಕವು ತಾವಾಗಿಯೇ ನುಸುಳಿ ಹೋಗುತ್ತವೆ. ಎರೆಯನ್ನು ಸಡಿಲವಾಗಿ ಎಸೆಯಬೇಡಿ. 150–200 ಗ್ರಾಂ ಮೀನಿನ ತಲೆಯನ್ನು ಸಣ್ಣ ಕಣ್ಣಿನ ತಂತಿ ಚೀಲಕ್ಕೆ ತುಂಬಿ ನಟ್ಟನಡುವೆ ಕಟ್ಟಿ. ಗೋಡೆಗೆ ಒತ್ತಿ ಕಟ್ಟಿದರೆ ಹೊರಗಿನಿಂದಲೇ ಕಿತ್ತು ತಿನ್ನುತ್ತವೆ. ಕೋಳಿ ಕರುಳು ಬೇಗ ಕರಗಿ ಹರಿದುಹೋಗುತ್ತದೆ, ಮೀನಿನ ತಲೆ ರಾತ್ರಿಯಿಡೀ ವಾಸನೆ ಬಿಡುತ್ತದೆ. ಆ ವಾಸನೆ ಹೋಗುವುದು ನೀರಿನ ಜೊತೆ. ಅದನ್ನು ಹಿಡಿದು ಏಡಿ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಬಾಯಿಯನ್ನು ನೀರು ಹೋಗುವ ದಿಕ್ಕಿಗೆ ತಿರುಗಿಸಿಡಿ.

ಒಳಗೆ 2 ಕಿಲೋದಷ್ಟು ಚಪ್ಪಟೆ ಕಲ್ಲು, ದಡದ ಗೂಟಕ್ಕೆ ಹಗ್ಗ. ಸಂಜೆ ಇಟ್ಟು ಬೆಳಕು ಹರಿಯುತ್ತಲೇ ಎತ್ತಿ. ಬುಟ್ಟಿಯ ಮೇಲಿನ ನಾಲ್ಕು ಬೆರಳು ನೀರಿನಿಂದ ಹೊರಗಿರಲಿ: ಆಮೆಯೋ ನೀರುಹಾವೋ ಸಿಕ್ಕರೆ ಉಸಿರಾಡಬೇಕಲ್ಲ. ನೋಡದೆ ಕೈ ಹಾಕಬೇಡಿ ಎಂದು ಬೇರೆ ಹೇಳಬೇಕಿಲ್ಲ. ಬುಟ್ಟಿಯ ಬಾಗಿಲನ್ನು ಹತ್ತಿ ದಾರದಿಂದ ಕಟ್ಟಿ. ಬುಟ್ಟಿ ಕೊಚ್ಚಿಹೋದರೂ ದಾರ ಕೊಳೆತು ಬಾಗಿಲು ಬಿಚ್ಚಿಕೊಳ್ಳುತ್ತದೆ. ನೈಲಾನ್ ಕೊಳೆಯುವುದಿಲ್ಲ, ಆ ಬುಟ್ಟಿ ವರ್ಷಗಟ್ಟಲೆ ಕೊಲ್ಲುತ್ತಲೇ ಇರುತ್ತದೆ.

ಪ್ರಶ್ನೆ (ಕಂಪ್ಲಿ): ಕಾಲುವೆ ಬೇಡ, ಹೊಳೆಯಲ್ಲೇ ಇಡಬಹುದೇ?

ಉತ್ತರ: ನಿಮ್ಮೂರಲ್ಲಿ ಬೇಡ. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿ.ಮೀ. ತುಂಗಭದ್ರೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ. ಏಡಿ ನೀರುನಾಯಿಗೂ ಊಟ. ಬುಟ್ಟಿಗೆ ತಲೆ ತೂರಿಸಿ ಹೊರಬರಲಾಗದಿದ್ದರೆ ಕೆಲವೇ ನಿಮಿಷಗಳಲ್ಲಿ ಉಸಿರುಗಟ್ಟುತ್ತದೆ. ಮೊಸಳೆಯೂ ಇರುವ ನೀರಿದು. ಮಸುಕಿನಲ್ಲಿ ಸೊಂಟದವರೆಗೆ ಇಳಿಯುವ ಕೆಲಸವೂ ಅಲ್ಲ. ಬೇರೆ ಕಡೆ ಇಡುವುದಾದರೂ ಮೊದಲು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿದ್ದರೆ ಹವ್ಯಾಸದ ಬುಟ್ಟಿಯೂ ಜಗಳಕ್ಕೆ ಕಾರಣವಾಗುತ್ತದೆ.

ಪ್ರಶ್ನೆ (ಸಿಂಧನೂರು): ಹಿಡಿದವುಗಳಲ್ಲಿ ಯಾವುದನ್ನು ಬಿಡಬೇಕು? ಭತ್ತದ ಗದ್ದೆಯ ಏಡಿ ತಿನ್ನಬಹುದೇ?

ಉತ್ತರ: ಹೊಟ್ಟೆ ಮೇಲೆ ಮಾಡಿ ನೋಡಿ. ಮಡಚಿದ ಪಟ್ಟಿ ಕಿರಿದಾಗಿದ್ದರೆ ಗಂಡು, ಅಗಲವಾಗಿ ದುಂಡಗಿದ್ದರೆ ಹೆಣ್ಣು. ಪಟ್ಟಿಯ ಕೆಳಗೆ ಮೊಟ್ಟೆಯೋ ಮರಿಯೋ ಕಂಡರೆ ಅಲ್ಲೇ ಬಿಡಿ. ಸಮುದ್ರದ ಏಡಿಯ ಮೊಟ್ಟೆಯಿಂದ ಲಕ್ಷಗಟ್ಟಲೆ ಲಾರ್ವಾ ನೀರಿಗೆ ಹೋಗುತ್ತವೆ. ಸಿಹಿನೀರಿನ ಏಡಿ ಹಾಗಲ್ಲ, ಕೆಲವೇ ಮರಿಗಳನ್ನು ಏಡಿ ರೂಪದಲ್ಲೇ ಹೊತ್ತು ತಿರುಗುತ್ತದೆ. ತಾಯಿ ಹೋದರೆ ಮರಿಗಳೂ ಹೋದವು.

ಔಷಧಿ ಹೊಡೆದ ಗದ್ದೆ, ಅದರ ನೀರು ಬಸಿಯುವ ಕಾಲುವೆ, ಎರಡರ ಏಡಿಯೂ ಬೇಡ. ಸತ್ತ ಏಡಿ ಎಷ್ಟೇ ದೊಡ್ಡದಿದ್ದರೂ ಒಲೆಗೆ ಏರಿಸಬೇಡಿ. ಕೆಮ್ಮಿಗೆಂದು ಹಸಿ ಏಡಿ ಜಜ್ಜಿದ ರಸ ಕುಡಿಸುವುದು ಅಪಾಯ. ಸಿಹಿನೀರಿನ ಏಡಿಯಲ್ಲಿ ಶ್ವಾಸಕೋಶ ಸೇರುವ ಹುಳು ಇರಬಹುದು. ರಕ್ತ ಬರುವ ಆ ಕೆಮ್ಮನ್ನು ಕ್ಷಯವೆಂದು ತಪ್ಪಾಗಿ ತಿಳಿಯುವುದೂ ಉಂಟು. ಚೆನ್ನಾಗಿ ಕುದಿಸಿ ಬೇಯಿಸಿ, ಹಸಿ ಏಡಿ ಕತ್ತರಿಸಿದ ಚಾಕುವನ್ನೂ ಹಲಗೆಯನ್ನೂ ತೊಳೆಯಿರಿ.

ಪ್ರಶ್ನೆ (ರಾಯಚೂರು): ಇದೇ ಬುಟ್ಟಿ ಕಾರವಾರಕ್ಕೆ ಒಯ್ದರೆ ಲಾಬ್‌ಸ್ಟರ್ ಸಿಕ್ಕೀತೇ?

ಉತ್ತರ: ಬಾಯಿ ಚಿಕ್ಕದಾಯಿತು. ನಮ್ಮ ಕರಾವಳಿಯ ಲಾಬ್‌ಸ್ಟರ್‌ಗೆ ದೊಡ್ಡ ಕೊಂಡಿಯಿಲ್ಲ, ಬದಲಿಗೆ ಉದ್ದ ಮುಳ್ಳುಮೀಸೆ. ಕಲ್ಲುಬಂಡೆಯ ಸಂದುಗಳಲ್ಲಿ ವಾಸ. ಒಳತುದಿ 15 ಸೆಂ.ಮೀ. ಆದರೂ ಬೇಕು, ತೂಕದ ಕಲ್ಲೂ ಹೆಚ್ಚಬೇಕು. ಅಲೆಯ ಎದುರು 2 ಕಿಲೋ ನಿಲ್ಲುವುದಿಲ್ಲ.